ಅಕ್ವೇರಿಯಂನ ನಡುಸಾಲಿಗೆ ಕ್ರಿಪ್ಟ್ ಗಿಡ: ನೆಡುವುದರಿಂದ ಮರಿ ಬಿಡಿಸುವವರೆಗೆ

"ಕ್ರಿಪ್ಟ್ ಗಿಡ ತಂದು ನೆಟ್ಟೆ, ಒಂದೇ ವಾರದಲ್ಲಿ ಎಲೆಯೆಲ್ಲ ಕೊಳೆತು ಹೋಯ್ತು. ಕಿತ್ತು ಬಿಸಾಕಲಾ?" ಗಿಡ ಬೆಳೆಸುವ ಅಕ್ವೇರಿಯಂ ಬಗ್ಗೆ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಕೀಳಬೇಡಿ. ಈ ಗಿಡದ ಜೀವ ಇರುವುದು ಬುಡದಲ್ಲಿ, ಎಲೆಯಲ್ಲಲ್ಲ. ಬುಡ ಗಟ್ಟಿಯಾಗಿದ್ದರೆ ಹೊಸ ಎಲೆ ಬಂದೇ ಬರುತ್ತದೆ. ಎಷ್ಟೋ ಜನ ಬದುಕಿರುವ ಗಿಡವನ್ನೇ ಕಿತ್ತು ಕಸದ ಬುಟ್ಟಿಗೆ ಹಾಕುತ್ತಾರೆ. ಅದನ್ನು ತಪ್ಪಿಸಬೇಕು ಅನ್ನುವುದೇ ಈ ಲೇಖನದ ಮುಖ್ಯ ಉದ್ದೇಶ.

ಯಾವ ಗಿಡ, ಯಾಕೆ ಇದೇ

ಇಲ್ಲಿ ಹೇಳುತ್ತಿರುವುದು ಕ್ರಿಪ್ಟೊಕೊರೈನ್ ವೆಂಡ್ಟಿ ಎಂಬ ಗಿಡದ ಬಗ್ಗೆ. ಅಂಗಡಿಯಲ್ಲಿ ಸುಮ್ನೆ "ಕ್ರಿಪ್ಟ್" ಅಂದರೆ ಬಹುಮಟ್ಟಿಗೆ ಇದನ್ನೇ ಕೊಡುತ್ತಾರೆ. ಇದರ ತವರು ಶ್ರೀಲಂಕಾ. ಅಲ್ಲಿ ಹೊಳೆ, ತೊರೆಗಳ ಅಂಚಿನಲ್ಲಿ ಬೆಳೆಯುತ್ತದೆ. 1958ರಲ್ಲಿ ಡಚ್ ಸಸ್ಯಶಾಸ್ತ್ರಜ್ಞ ಡಿ ವಿಟ್ ಇದನ್ನು ಪ್ರತ್ಯೇಕ ಜಾತಿ ಎಂದು ವಿವರಿಸಿದರು. ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ ಗಿಡ ಇದು.

ಅಕ್ವೇರಿಯಂನಲ್ಲಿ ಗಿಡಗಳನ್ನು ಮೂರು ಸಾಲಾಗಿ ನೆಡುವುದು ವಾಡಿಕೆ. ಮುಂದೆ ಹುಲ್ಲಿನಂಥ ಕುಳ್ಳ ಗಿಡ, ಹಿಂದೆ ಎತ್ತರದ್ದು, ನಡುವೆ ಒಂದು ಗೇಣಿನೊಳಗೆ ನಿಲ್ಲುವಂಥದ್ದು. ನಡುಸಾಲಿಗೆ ಗಿಡ ಸಿಗುವುದೇ ಕಷ್ಟ, ಯಾಕೆಂದರೆ ಹೆಚ್ಚಿನವು ಉದ್ದಕ್ಕೆ ಬೆಳೆದು ಹಿಂದಿನದ್ದನ್ನು ಮುಚ್ಚುತ್ತವೆ. ವಾರವಾರ ಕತ್ತರಿಸುತ್ತಿರಬೇಕು. ವೆಂಡ್ಟಿ ಹಾಗಲ್ಲ. ಬುಡದಿಂದಲೇ ಎಲೆ ಹರಡಿಕೊಂಡು, 10ರಿಂದ 20 ಸೆಂಟಿಮೀಟರ್ ಎತ್ತರದಲ್ಲಿ ಗುಂಪಾಗಿ ನಿಲ್ಲುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕಿಲ್ಲ, ದುಬಾರಿ ಲೈಟ್ ಬೇಕಿಲ್ಲ, ಗಡಸು ನೀರನ್ನೂ ತಡೆದುಕೊಳ್ಳುತ್ತದೆ. ಬೋರ್‌ವೆಲ್ ನೀರೇ ಗತಿ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಗಿಡವನ್ನು ನಾನು ಹೇಳಲಾರೆ.

ಇದರಲ್ಲಿ ಬಗೆಗಳಿವೆ. 'ಗ್ರೀನ್' ಹಸಿರು, 'ಬ್ರೌನ್' ಕಂದು. 'ಟ್ರಾಪಿಕಾ' ಅನ್ನುವುದರ ಎಲೆ ಸುತ್ತಿಗೆಯಲ್ಲಿ ಬಡಿದ ತಾಮ್ರದ ತಗಡಿನ ಹಾಗೆ ಗುಳಿಗುಳಿಯಾಗಿರುತ್ತದೆ. 'ಫ್ಲೆಮಿಂಗೊ' ಗುಲಾಬಿ ಬಣ್ಣದ್ದು, ಚಿಕ್ಕದು, ಬಲು ನಿಧಾನ. ಮೊದಲ ಸಲ ನೆಡುವವರು ಗ್ರೀನ್ ಅಥವಾ ಬ್ರೌನ್ ತೆಗೆದುಕೊಳ್ಳಿ. 'ಮಿ ಓಯಾ' ಎಂಬ ಬಗೆ ಚೆನ್ನಾಗಿದೆ, ಆದರೆ ಎತ್ತರ ಹೋಗುತ್ತದೆ. ಚಿಕ್ಕ ತೊಟ್ಟಿಯ ನಡುಸಾಲಿಗೆ ಅದು ಸರಿಹೋಗುವುದಿಲ್ಲ.

ಏನೇನು ಬೇಕು

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ನಮ್ಮಲ್ಲಿ ಸಾಮಾನ್ಯ. ಅದನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಹೇಳುತ್ತೇನೆ. ಇದರಲ್ಲಿ ತುಂಬ ನೀರು ಹಾಕಿದರೆ ಸುಮಾರು 56 ಲೀಟರ್ ಹಿಡಿಯುತ್ತದೆ.

ಬೇಕಾದದ್ದು: 2ರಿಂದ 3 ಮಿಲಿಮೀಟರ್ ಗಾತ್ರದ ಜಲ್ಲಿ ಸುಮಾರು 16 ಕಿಲೊ, ಎರಡು ಅಥವಾ ಮೂರು ಕುಂಡ ಗಿಡ, ರೂಟ್ ಟ್ಯಾಬ್, ಅಂದರೆ ಬೇರಿನ ಹತ್ತಿರ ಹೂಳುವ ಗೊಬ್ಬರದ ಮಾತ್ರೆ, 15ರಿಂದ 20 ವ್ಯಾಟ್‌ನ ಬಿಳಿ ಎಲ್‌ಇಡಿ ಲೈಟ್, ಲೈಟಿಗೊಂದು ಟೈಮರ್, ಆಂಟಿ ಕ್ಲೋರಿನ್, ಉದ್ದನೆಯ ಚಿಮಟ ಮತ್ತು ಹರಿತವಾದ ಕತ್ತರಿ. ಫಿಲ್ಟರ್ ಹೇಗೂ ಇದ್ದೇ ಇರುತ್ತದೆ, ಅಲ್ವಾ. ನೀರಿನ ಹರಿವು ಗಿಡದ ಎಲೆ ಸಣ್ಣಗೆ ಅಲುಗಾಡುವಷ್ಟಿದ್ದರೆ ಸಾಕು.

ಚಿಮಟ ಇಲ್ಲದೆ ಕೈಯಲ್ಲೇ ನೆಡಬಹುದು ಅಂದುಕೊಳ್ಳಬೇಡಿ. ಬೆರಳಿನಿಂದ ತಳ್ಳಿದರೆ ಬೇರು ಮೇಲಕ್ಕೆ ಮಡಚಿಕೊಳ್ಳುತ್ತದೆ, ಬೆಳಗ್ಗೆ ನೋಡಿದರೆ ಗಿಡ ನೀರಿನ ಮೇಲೆ ತೇಲುತ್ತಿರುತ್ತದೆ.

1. ಮೊದಲು ಜಾಗ ಗೊತ್ತುಮಾಡಿ

ಕ್ರಿಪ್ಟ್‌ಗೆ ಜಾಗ ಬದಲಾಯಿಸುವುದು ಒಗ್ಗುವುದಿಲ್ಲ. ನೆಟ್ಟ ಮೇಲೆ "ಇಲ್ಲಿ ಚೆನ್ನಾಗಿ ಕಾಣುತ್ತಿಲ್ಲ, ಅಲ್ಲಿ ಇಡೋಣ" ಅಂತ ಕಿತ್ತರೆ ಎಲೆ ಉದುರುವ ಆಟ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ನೀರು ತುಂಬುವ ಮೊದಲೇ ಕಲ್ಲು, ಮರದ ತುಂಡು ಎಲ್ಲ ಇಟ್ಟು, ಮುಂದೆ ಕೂತು ನೋಡಿ ನಿರ್ಧರಿಸಿ.

ಎತ್ತರದ ಲೆಕ್ಕ ಹೀಗೆ: ಒಂದು ಅಡಿ ಎಂದರೆ 30 ಸೆಂಟಿಮೀಟರ್. ಅದರಲ್ಲಿ ಜಲ್ಲಿಗೆ 6, ಮೇಲೆ ಖಾಲಿ ಬಿಡಲು 3 ತೆಗೆದರೆ ನೀರಿಗೆ ಉಳಿಯುವುದು 21. ಗಿಡ 12 ಸೆಂಟಿಮೀಟರ್ ಬೆಳೆದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ನಡುಸಾಲಿಗೆ ಇದು ಹೇಳಿ ಮಾಡಿಸಿದ ಅಳತೆ.

ಕಿಟಕಿಯ ನೇರ ಬಿಸಿಲು ಬೀಳುವ ಕಡೆ ತೊಟ್ಟಿ ಇಡಬೇಡಿ. ಪಾಚಿಯೂ ಬರುತ್ತದೆ, ನೀರೂ ಕಾಯುತ್ತದೆ.

2. ತಳದ ಹಾಸು

ಬೇರಿನಿಂದ ಉಣ್ಣುವ ಗಿಡಕ್ಕೆ ತಳದ ಹಾಸು ಮುಖ್ಯ. 5ರಿಂದ 7 ಸೆಂಟಿಮೀಟರ್ ಆಳ ಬೇಕೇ ಬೇಕು. ಎರಡು ಬೆರಳಿನಷ್ಟು ಜಲ್ಲಿ ಹಾಕಿ "ಗಿಡ ಏಳುತ್ತಿಲ್ಲ" ಅನ್ನುವವರು ಬಹಳ ಜನ. ಹಿಂದೆ ಸ್ವಲ್ಪ ಎತ್ತರ, ಮುಂದೆ ಸ್ವಲ್ಪ ತಗ್ಗು ಮಾಡಿದರೆ ನೋಡಲೂ ಚೆನ್ನ.

ಜಲ್ಲಿ ಕೊಂಡು ತಂದ ಮೇಲೆ ಒಂದು ಪರೀಕ್ಷೆ ಮಾಡಿ. ನಾಲ್ಕೈದು ಹರಳು ಬಟ್ಟಲಿಗೆ ಹಾಕಿ, ಮೇಲೆ ವಿನೆಗರ್ ಅಥವಾ ನಿಂಬೆರಸ ಬಿಡಿ. ನೊರೆ ಅಥವಾ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ ಎಂದರ್ಥ. ಅಂಥ ಜಲ್ಲಿ ನೀರಿನ ಗಡಸುತನವನ್ನು ಏರಿಸುತ್ತಲೇ ಹೋಗುತ್ತದೆ. ಬೋರ್‌ವೆಲ್ ನೀರಿನವರಿಗಂತೂ ಅದು ಬೇಡವೇ ಬೇಡ.

ಬಣ್ಣ ಬಳಿದ ನೀಲಿ, ಕೆಂಪು ಜಲ್ಲಿ ಬೇಡ. ಮನೆ ಕಟ್ಟಲು ತಂದ ಎಂ-ಸ್ಯಾಂಡ್ ಕೂಡ ಬೇಡ. ಅದರ ಸಣ್ಣ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತು ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಹೂಕುಂಡದ ಮಣ್ಣು, ಸಗಣಿ ಗೊಬ್ಬರ ಹಾಕಿ ಪ್ರಯೋಗ ಮಾಡುವುದನ್ನು ಮೊದಲ ತೊಟ್ಟಿಯಲ್ಲಿ ಮಾಡಬೇಡಿ.

ಅಕ್ವಾಸಾಯಿಲ್, ಅಂದರೆ ಗೊಬ್ಬರ ಸೇರಿಸಿ ಉಂಡೆ ಮಾಡಿದ ಮಣ್ಣು, ಕೊಳ್ಳುವ ಶಕ್ತಿ ಇದ್ದರೆ ಒಳ್ಳೆಯದೇ. ಆದರೆ ಮೊದಲ ಕೆಲವು ವಾರ ಅದರಿಂದ ಅಮೋನಿಯಾ ಹೊರಬರುತ್ತದೆ. ಮೀನು ತಡವಾಗಿ ಬಿಡಿ. ಜಲ್ಲಿ ಮತ್ತು ರೂಟ್ ಟ್ಯಾಬ್‌ನಲ್ಲೇ ಕ್ರಿಪ್ಟ್ ಚೆನ್ನಾಗಿ ಬರುವುದರಿಂದ ನಾನು ಅಕ್ವಾಸಾಯಿಲ್‌ಗೆ ಒತ್ತಾಯ ಮಾಡುವುದಿಲ್ಲ.

3. ನೀರು

22ರಿಂದ 28 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ. ಪಿಎಚ್ ಅಂದರೆ ನೀರಿನ ಹುಳಿ-ಕ್ಷಾರದ ಅಳತೆ. ಅದು 6ರಿಂದ 8ರೊಳಗೆ ಎಲ್ಲಿದ್ದರೂ ನಡೆಯುತ್ತದೆ. ನೀರು ಹೇಗಿದೆ ಅನ್ನುವುದಕ್ಕಿಂತ ಒಂದೇ ಥರ ಇದೆಯಾ ಅನ್ನುವುದು ಈ ಗಿಡಕ್ಕೆ ಮುಖ್ಯ. ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ.

ಕಾವೇರಿ ನೀರು ಬರುವ ಮನೆಗಳಲ್ಲಿ ಕ್ಲೋರಿನ್ ತೆಗೆದರೆ ಸಾಕು. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮಿನ್ ಎಂಬ ಇನ್ನೊಂದು ರೂಪ ಹಾಗೆ ಹೋಗುವುದಿಲ್ಲ. ಆದ್ದರಿಂದ ಆಂಟಿ ಕ್ಲೋರಿನ್ ಹಾಕುವುದೇ ಕ್ಷೇಮ.

ಕಷ್ಟ ಇರುವುದು ಟ್ಯಾಂಕರ್ ನೀರಿನಲ್ಲಿ. ಈ ವಾರ ಒಂದು ಬೋರ್‌ವೆಲ್‌ನದ್ದು, ಮುಂದಿನ ವಾರ ಇನ್ನೊಂದರದ್ದು. ಗಡಸುತನ ಒಮ್ಮೆಲೇ ಏರುಪೇರಾಗುತ್ತದೆ, ಕ್ರಿಪ್ಟ್ ಎಲೆ ಬಿಡುತ್ತದೆ. ಒಂದು ಟಿಡಿಎಸ್ ಪೆನ್ ಇಟ್ಟುಕೊಳ್ಳಿ. ಇದು ನೀರಿನಲ್ಲಿ ಕರಗಿದ ಲವಣಗಳ ಅಂದಾಜು ಕೊಡುವ ಚಿಕ್ಕ ಸಾಧನ. ಹೊಸ ನೀರಿನ ಅಂಕಿ ತೊಟ್ಟಿಯ ಅಂಕಿಗಿಂತ ತುಂಬಾ ಬೇರೆ ಇದ್ದರೆ ಒಂದೇ ಸಲ ಕಾಲು ಭಾಗ ಬದಲಾಯಿಸಬೇಡಿ. ದಿನ ಬಿಟ್ಟು ದಿನ ಹತ್ತನೇ ಒಂದು ಭಾಗದಂತೆ ಬದಲಾಯಿಸಿ.

ಆರ್‌ಓ ನೀರನ್ನಷ್ಟೇ ತುಂಬಬೇಡಿ. ಅದರಲ್ಲಿ ಗಿಡಕ್ಕೂ ಮೀನಿಗೂ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಗಡಸು ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಲು, ಆವಿಯಾಗಿ ಇಳಿದ ನೀರನ್ನು ತುಂಬಿಸಲು ಅದು ಒಳ್ಳೆಯದು. ನೀರು ಮಾತ್ರ ಆವಿಯಾಗುತ್ತದೆ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಪ್ರತಿಸಲ ಬೋರ್‌ವೆಲ್ ನೀರನ್ನೇ ಮೇಲೆ ಹಾಕುತ್ತಿದ್ದರೆ ಗಡಸುತನ ತಿಂಗಳಿಂದ ತಿಂಗಳಿಗೆ ಏರುತ್ತದೆ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ಬೇಸಿಗೆ ಚಿಂತೆ. ಹೊರಗೆ 40 ದಾಟಿದಾಗ ತೊಟ್ಟಿಯ ನೀರೂ 30 ದಾಟುತ್ತದೆ. ಮುಚ್ಚಳ ತೆಗೆದು, ಚಿಕ್ಕ ಫ್ಯಾನ್ ಗಾಳಿ ನೀರಿನ ಮೇಲ್ಮೈಗೆ ಬೀಸುವಂತೆ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಐಸ್ ಗಡ್ಡೆ ಹಾಕಬೇಡಿ.

4. ಗಿಡ ಆರಿಸುವಾಗ

ಕ್ರಿಪ್ಟ್ ಮೂರು ರೀತಿಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಬುಟ್ಟಿಯಂಥ ಚಿಕ್ಕ ಕುಂಡದಲ್ಲಿ, ಬರೀ ಬೇರಿನ ಕಟ್ಟಾಗಿ, ಮತ್ತು ಟಿಶ್ಯೂ ಕಲ್ಚರ್ ಡಬ್ಬಿಯಲ್ಲಿ. ಟಿಶ್ಯೂ ಕಲ್ಚರ್ ಅಂದರೆ ಪ್ರಯೋಗಾಲಯದಲ್ಲಿ ಜೆಲ್ ಮೇಲೆ ಬೆಳೆಸಿದ ಸಸಿ. ಅದರಲ್ಲಿ ಬಸವನಹುಳು, ಪಾಚಿ ಯಾವುದೂ ಬರುವುದಿಲ್ಲ. ಆದರೆ ಸಸಿ ತೀರಾ ಚಿಕ್ಕದು, ಬುಡದಲ್ಲಿ ಶೇಖರಣೆ ಕಡಿಮೆ. ಮೊದಲ ಸಲಕ್ಕೆ ಕುಂಡದ ಗಿಡವೇ ವಾಸಿ.

ಕುಂಡವನ್ನು ಎತ್ತಿ ಕೆಳಗಿನಿಂದ ನೋಡಿ. ಜಾಲರಿಯ ಸಂದಿಯಲ್ಲಿ ಬಿಳಿ ಬೇರು ಇಣುಕುತ್ತಿದ್ದರೆ ಒಳ್ಳೆಯ ಗಿಡ. ಬೇರು ಕಪ್ಪಾಗಿ ಮೆತ್ತಗಾಗಿದ್ದರೆ ಬಿಡಿ, ಎಲೆ ಎಷ್ಟೇ ಚೆನ್ನಾಗಿದ್ದರೂ ಬೇಡ. ಎಲೆ ನೋಡಿ ಗಿಡ ಕೊಳ್ಳುವುದೇ ಇಲ್ಲಿ ದೊಡ್ಡ ಮೋಸ ಹೋಗುವ ದಾರಿ.

ಆನ್‌ಲೈನ್‌ನಲ್ಲಿ ತರಿಸಿದರೆ ಒದ್ದೆ ಕಾಗದದಲ್ಲಿ ಸುತ್ತಿ ಬರುತ್ತದೆ. ಬಂದ ದಿನವೇ ಬಿಚ್ಚಿ. ಎರಡು ದಿನ ಕತ್ತಲಲ್ಲಿದ್ದ ಗಿಡ ಇನ್ನೂ ಒಂದು ದಿನ ಡಬ್ಬದಲ್ಲಿ ಕೂತರೆ ಎಲೆ ಪೂರ್ತಿ ಹೋಗುತ್ತದೆ.

5. ಬಿಡಿಸಿ, ತೊಳೆದು, ಕತ್ತರಿಸಿ

ಕುಂಡದಿಂದ ಗಿಡ ಹೊರಗೆ ತೆಗೆಯಿರಿ. ಎಳೆಯಬೇಡಿ, ಪ್ಲಾಸ್ಟಿಕ್ ಬುಟ್ಟಿಯನ್ನೇ ಕತ್ತರಿಸಿ ಬಿಚ್ಚಿ. ಬೇರಿನ ಸುತ್ತ ಹಳದಿ ಅಥವಾ ಕಂದು ಬಣ್ಣದ ಹತ್ತಿಯಂಥ ನಾರು ಇರುತ್ತದೆ. ಇದಕ್ಕೆ ರಾಕ್‌ವೂಲ್ ಅನ್ನುತ್ತಾರೆ. ಇದನ್ನು ಒಂದೂ ಬಿಡದೆ ತೆಗೆಯಬೇಕು. ಬಕೆಟ್ ನೀರಿನಲ್ಲಿ ಅದ್ದಿ, ಚಿಮಟದಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ. ಕೈಗೆ ತುರಿಕೆ ಬರಬಹುದು, ಗ್ಲೌಸ್ ಹಾಕಿಕೊಂಡರೆ ಒಳ್ಳೆಯದು. ಟಿಶ್ಯೂ ಕಲ್ಚರ್ ಸಸಿಯಾದರೆ ಜೆಲ್ ಪೂರ್ತಿ ಹೋಗುವವರೆಗೆ ತೊಳೆಯಿರಿ, ಉಳಿದರೆ ಅದು ಕೊಳೆಯುತ್ತದೆ.

ನಾರು ಹೋದ ಮೇಲೆ ಒಂದೇ ಅಂದುಕೊಂಡದ್ದು ನಾಲ್ಕೈದು ಗಿಡಗಳ ಗುಂಪು ಅಂತ ಕಾಣುತ್ತದೆ. ಮೆಲ್ಲಗೆ ಬೇರೆ ಮಾಡಿ. ಒಂದೊಂದರ ಬುಡ ಹಿಡಿದು ನೋಡಿ: ಎಲೆಯ ತೊಟ್ಟುಗಳೆಲ್ಲ ಸೇರುವ ಬಿಳಿಚಿದ ಜಾಗ, ಅದರ ಕೆಳಗೆ ಬೆರಳಿಗೆ ಗಟ್ಟಿಯಾಗಿ ಸಿಗುವ ಕಂದು ಗಂಟು, ಗಂಟಿನಿಂದ ಕೆಳಗೆ ದಾರದಂಥ ಬೇರು. ಎಲೆ ಸೇರುವ ಜಾಗಕ್ಕೆ ಕ್ರೌನ್ ಅನ್ನುತ್ತಾರೆ, ನಾವು ಸುಳಿ ಅನ್ನೋಣ. ಕೆಳಗಿನ ಗಂಟೇ ಗಿಡದ ಉಗ್ರಾಣ.

ಬೇರನ್ನು 2ರಿಂದ 3 ಸೆಂಟಿಮೀಟರ್ ಉಳಿಸಿ ಕತ್ತರಿಸಿ. ಉದ್ದ ಬೇರು ನೆಡುವಾಗ ಮಡಚಿಕೊಳ್ಳುತ್ತದೆ, ಹೇಗೂ ಹೊಸ ಬೇರು ಬರುತ್ತದೆ. ಹಳದಿಯಾದ, ಮುರಿದ ಎಲೆಗಳನ್ನು ಬುಡದಲ್ಲೇ ತೆಗೆಯಿರಿ. ಎಲೆಯ ಕೆಳಗೆ ಪಾರದರ್ಶಕ ಅಂಟಿನಂಥ ಹನಿ ಕಂಡರೆ ಅದು ಬಸವನಹುಳುವಿನ ಮೊಟ್ಟೆ. ಒರೆಸಿ ತೆಗೆಯಿರಿ.

6. ನೆಡುವುದು

ಪೂರ್ತಿ ನೀರು ತುಂಬಿ ಆಮೇಲೆ ನೆಡಬೇಡಿ. ಜಲ್ಲಿಯ ಮೇಲೆ ನಾಲ್ಕು ಬೆರಳು ನೀರಿದ್ದರೆ ನೆಡಲು ಸುಲಭ. ನೆಡುತ್ತಿರುವಾಗ ಎಲೆ ಒಣಗದಂತೆ ಆಗಾಗ ನೀರು ಚಿಮುಕಿಸಿ.

ಚಿಮಟದಿಂದ ಬೇರು ಹಾಗೂ ಗಂಟನ್ನು ಒಟ್ಟಿಗೆ ಹಿಡಿಯಿರಿ. ಸ್ವಲ್ಪ ಓರೆಯಾಗಿ ಜಲ್ಲಿಯೊಳಗೆ ಇಳಿಸಿ. ಬೇಕಾದ್ದಕ್ಕಿಂತ ಒಂದು ಸೆಂಟಿಮೀಟರ್ ಆಳಕ್ಕೆ ಹೋಗಲಿ. ಚಿಮಟವನ್ನು ಮೆಲ್ಲಗೆ ಸಡಿಲಿಸಿ, ಅಲುಗಿಸುತ್ತಾ ಹೊರಗೆ ತೆಗೆಯಿರಿ. ಆಮೇಲೆ ಗಿಡವನ್ನು ಸುಳಿ ಕಾಣುವವರೆಗೆ ಸ್ವಲ್ಪ ಮೇಲಕ್ಕೆ ಎಳೆಯಿರಿ. ಹೀಗೆ ಎಳೆದಾಗ ಬೇರು ಕೆಳಮುಖವಾಗಿ ನೆಟ್ಟಗೆ ಕೂರುತ್ತದೆ.

ಸುಳಿ ಜಲ್ಲಿಯಲ್ಲಿ ಹೂತುಹೋಗಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ತೇಲುತ್ತದೆ ಅನ್ನುವ ಭಯಕ್ಕೆ ಆಳವಾಗಿ ಹುಗಿದರೆ ಸುಳಿ ಕೊಳೆಯುತ್ತದೆ. ಎಲೆ ಕರಗಿದರೆ ಗಿಡ ಬದುಕುತ್ತದೆ, ಸುಳಿ ಮತ್ತು ಗಂಟು ಎರಡೂ ಕೊಳೆತರೆ ಬದುಕುವುದಿಲ್ಲ.

ಗಿಡದಿಂದ ಗಿಡಕ್ಕೆ 6ರಿಂದ 8 ಸೆಂಟಿಮೀಟರ್ ಅಂತರ ಬಿಡಿ. ಈಗ ಖಾಲಿ ಖಾಲಿ ಕಾಣುತ್ತದೆ, ಇರಲಿ. ಒತ್ತಾಗಿ ನೆಟ್ಟರೆ ಬೆಳಕಿಗಾಗಿ ಒಂದರ ಮೇಲೊಂದು ಏರಿ ಎಲ್ಲವೂ ಉದ್ದವಾಗುತ್ತವೆ. ನಮಗೆ ಬೇಕಾದದ್ದು ಗಿಡ್ಡ, ಹರಡಿದ ಗಿಡ ತಾನೇ. ಸಾಲು ಹಿಡಿದು ನೆಡುವ ಬದಲು ಮೂರು, ಐದು ಹೀಗೆ ಗುಂಪು ಮಾಡಿ, ಕಲ್ಲಿನ ಬುಡದಲ್ಲಿ ಅಥವಾ ಮರದ ತುಂಡಿನ ಪಕ್ಕದಲ್ಲಿ ಇಡಿ.

ನೀರು ತುಂಬುವಾಗ ಜಲ್ಲಿಯ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ಸುರಿಯಿರಿ.

7. ಎಲೆ ಕರಗುವ ಹಂತ

ಎಲ್ಲರೂ ಹೆದರುವುದು ಇಲ್ಲೇ. ಹವ್ಯಾಸಿಗಳು ಇದಕ್ಕೆ ಕ್ರಿಪ್ಟ್ ಮೆಲ್ಟ್ ಅನ್ನುತ್ತಾರೆ. ನೆಟ್ಟ ಎರಡು ಮೂರು ದಿನದಿಂದ ಎರಡು ವಾರದೊಳಗೆ ಯಾವಾಗಲಾದರೂ ಶುರುವಾಗಬಹುದು. ಎಲೆಯ ಮೇಲೆ ಗಾಜಿನಂಥ ಮಚ್ಚೆ, ಅಂಚಿನಲ್ಲಿ ತೂತು, ಆಮೇಲೆ ಇಡೀ ಎಲೆ ಲೋಳೆಯಾಗಿ ಜಾರಿ ಬೀಳುತ್ತದೆ. ಕೆಲವೊಮ್ಮೆ ಒಂದು ಎಲೆಯೂ ಉಳಿಯುವುದಿಲ್ಲ.

ಕಾರಣ ರೋಗವಲ್ಲ. ಶ್ರೀಲಂಕಾದ ಹೊಳೆಯಂಚಿನಲ್ಲಿ ಮಳೆಗಾಲಕ್ಕೆ ನೀರು ಏರಿ ಗಿಡ ಮುಳುಗುತ್ತದೆ, ಬೇಸಿಗೆಗೆ ನೀರು ಇಳಿದು ಗಿಡ ಗಾಳಿಗೆ ಬರುತ್ತದೆ. ಅದಕ್ಕೆ ತಕ್ಕಂತೆ ಇದು ಎರಡು ಬಗೆಯ ಎಲೆ ಬಿಡುತ್ತದೆ. ಗಾಳಿಯಲ್ಲಿ ಬಂದ ಎಲೆಗೆ ಒಣಗದಂತೆ ಮೇಣದಂಥ ಹೊದಿಕೆ ಇರುತ್ತದೆ. ನೀರಿನಲ್ಲಿ ಬಂದ ಎಲೆ ತೆಳ್ಳಗೆ, ಮೆದು. ನರ್ಸರಿಗಳು ಬೇಗ ಬೆಳೆಯಲೆಂದು ಗಿಡವನ್ನು ನೀರಿನ ಹೊರಗೇ, ತೇವದ ಗಾಳಿಯಲ್ಲಿ ಬೆಳೆಸುತ್ತವೆ. ಅದನ್ನು ತಂದು ಮುಳುಗಿಸಿದಾಗ ಹಳೆಯ ಎಲೆ ಕೆಲಸಕ್ಕೆ ಬಾರದೆ ಹೋಗುತ್ತದೆ. ಗಿಡ ಅದನ್ನು ಬಿಟ್ಟು, ಗಂಟಿನಲ್ಲಿ ಕೂಡಿಟ್ಟದ್ದರಿಂದ ನೀರಿಗೆ ತಕ್ಕ ಎಲೆ ಹೊಸದಾಗಿ ಮಾಡಿಕೊಳ್ಳುತ್ತದೆ.

ನೀವು ಮಾಡಬೇಕಾದದ್ದು ಇಷ್ಟೇ. ಲೋಳೆಯಾದ ಎಲೆಯನ್ನು ಕತ್ತರಿಸಿ ಹೊರಗೆ ತೆಗೆಯಿರಿ. ಅಲ್ಲೇ ಬಿಟ್ಟರೆ ಕೊಳೆತು ಅಮೋನಿಯಾ ಆಗುತ್ತದೆ, ಮೀನಿಗೆ ಕುತ್ತು. ಅರ್ಧ ಹಸಿರಿರುವ ಎಲೆಯನ್ನು ಹಾಗೇ ಬಿಡಿ. ನೀರು ಬದಲಾಯಿಸುವುದು, ಲೈಟ್ ಹೊತ್ತು, ಎಲ್ಲ ಮೊದಲಿನಂತೆಯೇ ನಡೆಯಲಿ. ಗಾಬರಿಯಲ್ಲಿ ಲೈಟ್ ಜಾಸ್ತಿ ಮಾಡುವುದು, ಗೊಬ್ಬರ ಸುರಿಯುವುದು, ಔಷಧಿ ಹಾಕುವುದು ಬೇಡ. ಗಿಡ ಎಲೆ ಬಿಟ್ಟಿದ್ದೇ ಬದಲಾವಣೆಯಿಂದ. ಇನ್ನಷ್ಟು ಬದಲಾವಣೆ ಅದಕ್ಕೆ ಇನ್ನಷ್ಟು ಪೆಟ್ಟು.

ಬದುಕಿದೆಯಾ ಇಲ್ಲವಾ ಅಂತ ನೋಡಲು ಕೀಳುವುದು ಬೇಕಿಲ್ಲ. ಚಿಮಟದ ತುದಿಯಿಂದ ಬುಡದ ಸುತ್ತಲಿನ ನಾಲ್ಕು ಹರಳು ಸರಿಸಿ, ಗಂಟನ್ನು ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ಬದುಕಿದೆ. ಒತ್ತಿದ ಕಡೆ ಒಳಗೆ ಹೋದರೆ, ಕೊಳೆತ ವಾಸನೆ ಬಂದರೆ ಮಾತ್ರ ತೆಗೆಯಿರಿ.

ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಸುಳಿಯ ನಡುವಿನಿಂದ ಒಂದು ಚೂಪಾದ ಎಲೆ, ಕೊಳವೆಯಂತೆ ಸುರುಳಿ ಸುತ್ತಿಕೊಂಡು ಮೇಲೆ ಬರುತ್ತದೆ. ಸೂಜಿಗಿಂತ ಸ್ವಲ್ಪ ದಪ್ಪ. ಎರಡು ಮೂರು ದಿನದಲ್ಲಿ ಒಂದು ಕಡೆಯಿಂದ ಬಿಚ್ಚಿಕೊಳ್ಳುತ್ತದೆ. ಈ ಎಲೆ ಹಳೆಯದಕ್ಕಿಂತ ತೆಳ್ಳಗೆ, ಬಣ್ಣವೂ ಬೇರೆ ಇರಬಹುದು. ಅಂಗಡಿಯಲ್ಲಿ ಹಸಿರಿದ್ದದ್ದು ಕಂದಾಗಿ ಬಂದರೆ ತಪ್ಪು ತಿಳಿಯಬೇಡಿ, ನೀರಿನೊಳಗಿನ ನಿಜವಾದ ರೂಪ ಅದೇ. ಕೆಲವಕ್ಕೆ ತಿಂಗಳ ಮೇಲೂ ಬೇಕಾಗುತ್ತದೆ. ಗಂಟು ಗಟ್ಟಿಯಿರುವವರೆಗೆ ಕಾಯಿರಿ.

ಚೆನ್ನಾಗಿ ಬೇರೂರಿದ ಹಳೆಯ ಗಿಡವೂ ಒಮ್ಮೊಮ್ಮೆ ಎಲೆ ಬಿಡುತ್ತದೆ. ತಿಂಗಳುಗಟ್ಟಲೆ ನೀರು ಬದಲಾಯಿಸದೆ ಇದ್ದು ಒಂದು ದಿನ ಅರ್ಧ ತೊಟ್ಟಿ ಬದಲಾಯಿಸಿದಾಗ, ಹೊಸ ಜೋರು ಲೈಟ್ ಹಾಕಿದಾಗ, ಬೇಸಿಗೆಯಲ್ಲಿ ನೀರು ಕಾದಾಗ ಹೀಗಾಗುತ್ತದೆ. ಮೀನಿನ ರೋಗಕ್ಕೆ ಅಂತ ತೊಟ್ಟಿಗೇ ಕಲ್ಲುಪ್ಪು ಸುರಿಯುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಅದು ಗಿಡಕ್ಕೆ ಕೆಟ್ಟದ್ದು. ತಾಮ್ರ ಇರುವ ಔಷಧಿ ಗಿಡಕ್ಕೂ ಸಿಗಡಿಗೂ ಬಸವನಹುಳುವಿಗೂ ವಿಷ. ಕಾಯಿಲೆ ಬಿದ್ದ ಮೀನನ್ನು ಬೇರೆ ತೊಟ್ಟಿಗೆ ಹಾಕಿ ಅಲ್ಲಿ ಚಿಕಿತ್ಸೆ ಮಾಡಿ.

8. ಬೆಳಕು

ಮೊದಲ ತಿಂಗಳು ದಿನಕ್ಕೆ 6 ಗಂಟೆ. ಎಲೆ ಬಂದು ನಿಂತ ಮೇಲೆ ನಿಧಾನವಾಗಿ 8 ಗಂಟೆಗೆ ಏರಿಸಿ. ಅದಕ್ಕಿಂತ ಜಾಸ್ತಿ ಬೇಡ. ಕೈಯಲ್ಲಿ ಸ್ವಿಚ್ ಹಾಕುವವರು ಮರೆತು ಒಂದು ದಿನ 12 ಗಂಟೆ, ಒಂದು ದಿನ 4 ಗಂಟೆ ಮಾಡುತ್ತಾರೆ. ಟೈಮರ್ ಬೇಕೆಂದು ಹೇಳಿದ್ದು ಅದಕ್ಕೇ.

ಗಿಡ ಗಿಡ್ಡವಾಗಿ ಇರಬೇಕೋ ಉದ್ದವಾಗಬೇಕೋ ಅನ್ನುವುದನ್ನು ಬಹುಪಾಲು ಬೆಳಕೇ ತೀರ್ಮಾನಿಸುತ್ತದೆ. ಮಂದ ಬೆಳಕಿನಲ್ಲಿ ವೆಂಡ್ಟಿ ಸಾಯುವುದಿಲ್ಲ, ಆದರೆ ತೊಟ್ಟು ಉದ್ದ ಮಾಡಿ ಮೇಲಕ್ಕೆ ಚಾಚುತ್ತದೆ. ಸಾಧಾರಣ ಬೆಳಕಿನಲ್ಲಿ ಎಲೆಗಳು ಅಡ್ಡಕ್ಕೆ ಹರಡಿ ಜಲ್ಲಿಗೆ ಹತ್ತಿರ ಕೂರುತ್ತವೆ. ನಿಮ್ಮ ಗಿಡ ತೆಳ್ಳಗೆ ಎದ್ದು ನಿಂತಿದ್ದರೆ ಮೇಲೆ ನೋಡಿ: ತೇಲುವ ಗಿಡ ಬೆಳಕು ಮುಚ್ಚಿದೆಯಾ? ಹಿಂದಿನ ಸಾಲು ಬಾಗಿ ನೆರಳು ಮಾಡಿದೆಯಾ? ಅದನ್ನು ಸರಿಮಾಡಿ, ಮುಂದೆ ಬರುವ ಎಲೆಗಳು ಗಿಡ್ಡ ಬರುತ್ತವೆ. ಈಗಾಗಲೇ ಉದ್ದವಾದ ಎಲೆ ಗಿಡ್ಡ ಆಗುವುದಿಲ್ಲ.

ನೀಲಿ-ಕೆಂಪು ಬಣ್ಣ ಬದಲಾಯಿಸುವ ಲೈಟ್ ನೋಡಲಷ್ಟೇ. 6500 ಕೆಲ್ವಿನ್ ಎಂದು ಬರೆದಿರುವ ಬಿಳಿ ಲೈಟ್ ಕೊಳ್ಳಿ.

9. ಗೊಬ್ಬರ

ಬರೀ ಜಲ್ಲಿಯಲ್ಲಿ ಆಹಾರ ಇರುವುದಿಲ್ಲ. ಎರಡು ಮೂರು ಗಿಡದ ನಡುವೆ ಒಂದರಂತೆ, ಸುಮಾರು 10 ಸೆಂಟಿಮೀಟರ್‌ಗೊಂದು ರೂಟ್ ಟ್ಯಾಬ್ ಹೂಳಿ. ಜಲ್ಲಿಯ ತಳದವರೆಗೆ ತಳ್ಳಿ. ಮೇಲೇ ಉಳಿದರೆ ಗೊಬ್ಬರ ನೀರಿಗೆ ಸೇರಿ ಪಾಚಿಗೆ ಊಟವಾಗುತ್ತದೆ. ಮೂರು ತಿಂಗಳಿಗೊಮ್ಮೆ ಹೊಸದು ಹಾಕಿ.

ಹೊಲಕ್ಕೆ ಹಾಕುವ ಯೂರಿಯಾ, ಡಿಎಪಿ ಒಂದು ಚಿಟಿಕೆಯೂ ಬೇಡ. ಅದು ತೊಟ್ಟಿಯಲ್ಲಿ ಅಮೋನಿಯಾ ಆಗುತ್ತದೆ, ಮೀನು ಸಾಯುತ್ತವೆ.

ಎಲೆ ನೋಡಿ ಕೊರತೆ ತಿಳಿಯಬಹುದು. ಹೊಸ ಎಲೆ ಬಿಳಿಚಿ, ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಅಂಶ ಕಡಿಮೆ. ಹಳೆಯ ಎಲೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಸುತ್ತ ಹಳದಿಯಾದರೆ ಪೊಟ್ಯಾಶಿಯಂ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕ. ದ್ರವ ಗೊಬ್ಬರ ಹಾಕುವುದಾದರೆ ಬಾಟಲಿಯಲ್ಲಿ ಹೇಳಿದ ಅರ್ಧದಷ್ಟರಿಂದ ಶುರುಮಾಡಿ.

10. ಪಾಚಿ ಮತ್ತು ಮೀನು

ಹೊಸ ತೊಟ್ಟಿಯಲ್ಲಿ ಎಲೆಯ ಮೇಲೆ ಕಂದು ಧೂಳಿನಂಥ ಪಾಚಿ ಕೂರುತ್ತದೆ. ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಕೆಲವು ವಾರದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕ್ರಿಪ್ಟ್ ನಿಧಾನವಾಗಿ ಬೆಳೆಯುವುದರಿಂದ ಒಂದೊಂದು ಎಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಕಪ್ಪು ಕೂದಲಿನಂಥ ಪಾಚಿ ಅಂಚಿಗೆ ಅಂಟಿದರೆ ಉಜ್ಜಿ ಸಮಯ ಕಳೆಯಬೇಡಿ, ಆ ಎಲೆಯನ್ನೇ ತೆಗೆಯಿರಿ. ಬೇಗ ಬೆಳೆಯುವ ಒಂದೆರಡು ಹಿಂದಿನ ಸಾಲಿನ ಗಿಡ ಇದ್ದರೆ ಪಾಚಿಗೆ ಸಿಗುವ ಆಹಾರ ಕಡಿಮೆಯಾಗುತ್ತದೆ.

ಗೋಲ್ಡ್‌ಫಿಶ್ ಜಲ್ಲಿ ಕೆದಕುತ್ತದೆ, ಆಸ್ಕರ್ ಗಿಡವನ್ನೇ ಎಬ್ಬಿಸುತ್ತದೆ. ಅವುಗಳ ಜೊತೆ ಇದು ಬೇಡ. ಗಪ್ಪಿ, ಪ್ಲಾಟಿ, ಟೆಟ್ರಾ, ರಾಸ್ಬೋರಾ ಯಾವುದೂ ತೊಂದರೆ ಕೊಡುವುದಿಲ್ಲ.

11. ಕತ್ತರಿಸುವುದು, ಮರಿ ಬಿಡಿಸುವುದು

ಹಳೆಯ, ಉದ್ದವಾದ ಎಲೆಗಳನ್ನು ಜಲ್ಲಿಗೆ ಹತ್ತಿರ, ತೊಟ್ಟಿನ ಬುಡದಲ್ಲಿ ಕತ್ತರಿಸಿ. ಎಲೆಯ ಅರ್ಧಕ್ಕೆ ಕತ್ತರಿಸಿದರೆ ಉಳಿದರ್ಧ ಕೊಳೆಯುತ್ತದೆ. ಒಂದು ಸಲಕ್ಕೆ ಒಂದು ಗಿಡದಿಂದ ಎರಡು ಮೂರು ಎಲೆ ಸಾಕು.

ಗಿಡ ನೆಲೆಯೂರಿದ ಕೆಲವು ತಿಂಗಳಿಗೆ ಜಲ್ಲಿಯೊಳಗೇ ರನ್ನರ್ ಎಂಬ ಹಂಬು ಹೊರಟು, ಸ್ವಲ್ಪ ದೂರದಲ್ಲಿ ಮರಿ ಏಳುತ್ತದೆ. ಕಂಡ ತಕ್ಷಣ ಬಿಡಿಸಬೇಡಿ. ನಾಲ್ಕೈದು ಎಲೆ ಬಂದ ಮೇಲೆ, ತಾಯಿಗೂ ಮರಿಗೂ ನಡುವೆ ಕತ್ತರಿಯ ಮೊನೆಯನ್ನು ಜಲ್ಲಿಗೆ ಇಳಿಸಿ ಹಂಬನ್ನು ಕತ್ತರಿಸಿ. ಒಂದು ವಾರ ಅಲ್ಲೇ ಬಿಡಿ. ಆಮೇಲೆ ಮರಿಯನ್ನಷ್ಟೇ ಚಿಮಟದಿಂದ ಮೆಲ್ಲಗೆ ಎತ್ತಿ. ತಾಯಿ ಗಿಡ ಅಲುಗಾಡಬಾರದು. ಮರಿ ಇದ್ದಲ್ಲೇ ಚೆನ್ನಾಗಿ ಕಂಡರೆ ಎತ್ತುವುದೇ ಬೇಡ, ಅದೇ ತೊಟ್ಟಿಯ ನೀರಿಗೆ ಒಗ್ಗಿದ ಗಿಡವದು. ಗುಂಪು ತುಂಬಾ ದಟ್ಟವಾದಾಗ ಮಾತ್ರ ನಡುನಡುವೆ ಒಂದೊಂದನ್ನು ತೆಗೆದು ಸಡಿಲ ಮಾಡಿ.

ಇಲ್ಲಿ ಒಂದು ಮಾತು. ಕ್ರಿಪ್ಟ್ ಕುಲದ ಬಂಧುಗಳು ನಮ್ಮಲ್ಲೂ ಇವೆ. ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್, ಕ್ರಿಪ್ಟೊಕೊರೈನ್ ಸ್ಪೈರಾಲಿಸ್ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬೆಳೆಯುತ್ತವೆ. ನಡುಸಾಲಿಗೆ ಜನ ಇಷ್ಟಪಡುವ ಲಾಜೆನಾಂಡ್ರಾ ಮೀಬೋಲ್ಡಿ ಕೂಡ ಘಟ್ಟದ್ದೇ. ಮಲೆನಾಡಿಗೆ ಹೋದಾಗ ಹೊಳೆಯಿಂದ ಕಿತ್ತು ತರಬೇಡಿ. ಹರಿಯುವ ನೀರಿನ ಗಿಡ ತೊಟ್ಟಿಯಲ್ಲಿ ನಿಲ್ಲುವುದು ಕಷ್ಟ, ಹೊಳೆಯ ದಂಡೆಗೂ ನಷ್ಟ. ನರ್ಸರಿಯಲ್ಲಿ ಬೆಳೆಸಿದ್ದೇ ಸಿಗುವಾಗ ಕಾಡಿನದ್ದಕ್ಕೆ ಕೈ ಹಾಕುವುದು ಸರಿಯಲ್ಲ.

ಹಾಗೆಯೇ, ಜಾಸ್ತಿಯಾದ ಗಿಡವನ್ನು ಕೆರೆಗೋ ರಾಜಕಾಲುವೆಗೋ ಎಸೆಯಬೇಡಿ. ಹೊರಗಿನಿಂದ ಬಂದ ನೀರಿನ ಗಿಡ ಕೆರೆಯನ್ನು ಹೇಗೆ ಮುಚ್ಚುತ್ತದೆ ಅನ್ನುವುದನ್ನು ಅಂತರಗಂಗೆಯಿಂದ ನೋಡುತ್ತಲೇ ಇದ್ದೇವೆ. ಬೇಕಾದವರಿಗೆ ಒದ್ದೆ ಕಾಗದದಲ್ಲಿ ಸುತ್ತಿ, ಗಾಳಿಯಾಡದ ಕವರ್‌ಗೆ ಹಾಕಿ ಕೊಡಿ. ಕತ್ತರಿಸಿದ ಎಲೆ, ಹಂಬು, ಬೇರಿನ ಚೂರುಗಳನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಹೂಕುಂಡದ ಗೊಬ್ಬರಕ್ಕೆ ಸೇರಿಸಿ.